ಬೆಸುಗೆ: ಕರಗುವುದು ಯಾವುದು?

"ಲೇಸರ್ ಶಾಖದಿಂದ ಬೆಸುಗೆ ಲೋಹವನ್ನು ಕರಗಿಸಿ ಎರಡು ತಗಡುಗಳನ್ನು ಅಂಟಿಸಲಾಗುತ್ತದೆ." ಲೇಸರ್ ವೆಲ್ಡಿಂಗ್ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳಲ್ಲಿ ಈ ವಾಕ್ಯ, ಹೆಚ್ಚುಕಡಿಮೆ ಇದೇ ಪದಗಳಲ್ಲಿ, ಮತ್ತೆ ಮತ್ತೆ ಎದುರಾಗುತ್ತದೆ. ಇಷ್ಟು ಚಿಕ್ಕ ವಾಕ್ಯದಲ್ಲಿ ಮೂರು ತಪ್ಪು. ಬೆಸುಗೆ ಲೋಹ ಅಲ್ಲಿ ಇರುವುದೇ ಇಲ್ಲ. ಕರಗುವುದು ತಗಡೇ. ಇನ್ನು ಅಂಟಿಸುವುದು ಗೋಂದಿನ ಕೆಲಸ.

ತಪ್ಪಿನ ಬೇರು ಪದದಲ್ಲೇ ಇದೆ. ಅಡು ಎಂಬುದರಿಂದ ಅಡುಗೆ, ಉಡು ಎಂಬುದರಿಂದ ಉಡುಗೆ, ಹೊಲಿ ಎಂಬುದರಿಂದ ಹೊಲಿಗೆ ಆದ ಹಾಗೆ ಬೆಸು ಎಂಬುದರಿಂದ ಬೆಸುಗೆ. ಬೆಸು, ಬೆಸೆ ಎರಡೂ ಒಂದೇ ಮನೆಯವು. ಕೂಡಿಕೊಳ್ಳು, ಒಂದಾಗು ಎಂದು ಅರ್ಥ. ಬೆರಳಿಗೆ ಬೆರಳು ಬೆಸೆಯುತ್ತೇವೆ, ಮನಸ್ಸು ಮನಸ್ಸು ಬೆಸೆಯುತ್ತದೆ ಅನ್ನುತ್ತೇವೆ. ಗಮನಿಸಿ, ಇಲ್ಲೆಲ್ಲ ಕೂಡುವುದು ಎರಡೇ. ನಡುವೆ ಮೂರನೆಯದಕ್ಕೆ ಜಾಗವಿಲ್ಲ. ಮೂಲದ ಅರ್ಥ ಹೀಗಿದ್ದರೂ ಕಸುಬಿನ ಮಾತಿನಲ್ಲಿ ಪದ ಬೇರೆ ಕಡೆ ಹೊರಳಿತು. ಮನೆಮಂದಿಯ ಕಣ್ಣೆದುರು ಲೋಹ ಜೋಡಿಸುತ್ತಿದ್ದವನು ಅಕ್ಕಸಾಲಿಗ. ಒಡವೆಯ ಸೀಳಿಗೆ ಬಿಳಿಗಾರ ಹಚ್ಚಿ, ಒಡವೆಗಿಂತ ಬೇಗ ಕರಗುವ ಮಿಶ್ರಲೋಹದ ಚೂರಿಟ್ಟು, ಊದುಕೊಳವೆಯಿಂದ ಜ್ವಾಲೆ ಹಾಯಿಸುತ್ತಿದ್ದ. ಚೂರು ಕರಗಿ ಸೀಳಿನೊಳಗೆ ಹರಿಯುತ್ತಿತ್ತು, ಒಡವೆ ಮಾತ್ರ ಕರಗುತ್ತಿರಲಿಲ್ಲ. ಬೆಸುಗೆ ಅಂದರೆ ಇದೇ ಎಂದು ಊರಿಗೆ ಊರೇ ಒಪ್ಪಿಕೊಂಡಿತು. ಆಮೇಲೆ ಶಾಲೆಯ ಪಠ್ಯಗಳು ತವರ, ಸೀಸದ ಮಿಶ್ರಣವನ್ನು "ಬೆಸುಗೆ ಲೋಹ" ಎಂದು ಕರೆದು ಮೊಹರು ಒತ್ತಿದವು. ವೆಲ್ಡಿಂಗ್ ಬಂದಾಗ ಬೇರೆ ಪದ ಹುಡುಕುವ ಶ್ರಮ ಯಾರೂ ತೆಗೆದುಕೊಳ್ಳದೆ ಅದಕ್ಕೂ ಬೆಸುಗೆ ಎಂದರು. ಮೂಲದ ಅರ್ಥ ನೋಡಿದರೆ ಪದ ನಿಜಕ್ಕೂ ಒಪ್ಪುವುದು ವೆಲ್ಡಿಂಗಿಗೇ. ಆದರೆ ಓದುಗನ ತಲೆಯಲ್ಲಿ ಕೂತಿರುವ ಚಿತ್ರ ತವರದ ಹನಿಯದು.

ವರ್ಕ್‌ಶಾಪಿನವರಿಗೆ ಈ ಗೊಂದಲವೇ ಇಲ್ಲ. ಸೋಲ್ಡರಿಂಗ್, ಬ್ರೇಜಿಂಗ್, ವೆಲ್ಡಿಂಗ್ ಎಂದು ಮೂರು ಪದ ಇಟ್ಟುಕೊಂಡಿದ್ದಾರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಆಡುವುದಿಲ್ಲ. ಸೇರಿಸುವ ಲೋಹ 450 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕರಗಿದರೆ ಸೋಲ್ಡರಿಂಗ್. 63 ಪಾಲು ತವರ, 37 ಪಾಲು ಸೀಸದ ತಂತಿ 183 ಡಿಗ್ರಿಗೇ ನೀರಾಗುತ್ತದೆ. 450ಕ್ಕಿಂತ ಮೇಲಾದರೆ ಬ್ರೇಜಿಂಗ್. ಫ್ರಿಜ್‌ನ ತಾಮ್ರದ ಕೊಳವೆ ಜೋಡಿಸುವುದು ಹೀಗೆ. ಈ ಲೆಕ್ಕದಲ್ಲಿ ಅಕ್ಕಸಾಲಿಗನದೂ ಬ್ರೇಜಿಂಗೇ. ಎರಡರಲ್ಲೂ ಮೂಲ ಲೋಹ ಗಟ್ಟಿಯಾಗಿಯೇ ಉಳಿಯುತ್ತದೆ. ಲೇಸರ್, ಆರ್ಕ್, ಗ್ಯಾಸ್ ವೆಲ್ಡಿಂಗ್‌ನಲ್ಲಿ ಎರಡು ಅಂಚುಗಳೂ ಕರಗಿ, ಬೆರೆತು, ಒಟ್ಟಿಗೆ ಹೆಪ್ಪುಗಟ್ಟುತ್ತವೆ. ಕನ್ನಡದಲ್ಲೇ ಹೇಳಬೇಕೆಂದರೆ ತವರದ ಬೆಸುಗೆ, ಹಿತ್ತಾಳೆ ಬೆಸುಗೆ, ಕರಗು ಬೆಸುಗೆ ಎನ್ನಬಹುದು. ಬರೀ "ಬೆಸುಗೆ" ಎಂದು ಬಿಟ್ಟರೆ ಓದುವವರು ಮೊದಲನೆಯದನ್ನೇ ಹಿಡಿಯುತ್ತಾರೆ.

ಈ ವ್ಯತ್ಯಾಸ ಬರೀ ಪಂಡಿತರ ತಕರಾರಲ್ಲ ಅನ್ನುವುದಕ್ಕೆ ಚಿನ್ನದಂಗಡಿಯೇ ಸಾಕ್ಷಿ. "ಕೆಡಿಎಂ ಚಿನ್ನ" ಎಂಬುದನ್ನು ಶುದ್ಧತೆಯ ದರ್ಜೆ ಎಂದೇ ಬಹಳ ಮಂದಿ ನಂಬಿದ್ದಾರೆ. ಅದು ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯ ಹೆಸರು. ಕ್ಯಾಡ್ಮಿಯಂ 321 ಡಿಗ್ರಿಗೆ ಕರಗಿ 767 ಡಿಗ್ರಿಗೆ ಕುದಿಯುತ್ತದೆ. ಹಾಗಾಗಿ ಬೆಸುಗೆ ಚೆನ್ನಾಗಿ ಹರಿಯುತ್ತಿತ್ತು, ಜೊತೆಗೆ ಅದರ ಹೊಗೆ ಕೆಲಸಗಾರನ ಶ್ವಾಸಕೋಶ ಸೇರುತ್ತಿತ್ತು. ಈಗ ಒಡವೆ ಕೆಲಸದಲ್ಲಿ ಬಳಸುವ ಚಿಕ್ಕ ಲೇಸರ್ ಯಂತ್ರ ಒಂದೊಂದೇ ಮಿಡಿತ ಹೊಡೆದು ಒಡವೆಯ ಚಿನ್ನವನ್ನೇ ಕರಗಿಸಿ ಕೂಡಿಸುತ್ತದೆ. ಬೇರೆ ಲೋಹ ಬೆರೆಸದಿದ್ದಾಗ ಕ್ಯಾರೆಟ್ ಇಳಿಯುವ ಪ್ರಶ್ನೆಯೂ ಇಲ್ಲ. "ಲೇಸರ್‌ನಿಂದ ಬೆಸುಗೆ ಲೋಹ ಕರಗಿಸಿ" ಎಂದು ಬರೆದವರು ಈ ಇಡೀ ಅನುಕೂಲವನ್ನೇ ಅಳಿಸಿ ಹಾಕಿದ್ದಾರೆ.

ಕೆಲವು ಕಡೆ ಲೇಸರ್ ವೆಲ್ಡಿಂಗ್‌ಗೂ ತಂತಿ ಕೊಡುತ್ತಾರಲ್ಲ ಎಂಬ ಆಕ್ಷೇಪ ಬರುತ್ತದೆ. ಕೊಡುತ್ತಾರೆ, ಆದರೆ ಆ ತಂತಿ ಮೂಲ ಲೋಹದೊಂದಿಗೆ ಕರಗಿ ಅದರಲ್ಲೇ ಬೆರೆಯುತ್ತದೆ. 6061 ಎಂಬ ದರ್ಜೆಯ ಅಲ್ಯೂಮಿನಿಯಂ ಮಿಶ್ರಲೋಹವನ್ನು ತಂತಿ ಇಲ್ಲದೆ ಲೇಸರ್‌ನಲ್ಲಿ ಕೂಡಿಸಿದರೆ ಹೆಪ್ಪುಗಟ್ಟುವಾಗ ನಡುವೆ ಉದ್ದಕ್ಕೆ ಬಿರುಕು ಬಿಡುವುದು ಮಾಮೂಲಿ. ಸುಮಾರು 12 ಶೇಕಡಾ ಸಿಲಿಕಾನ್ ಇರುವ 4047 ದರ್ಜೆಯ ಅಲ್ಯೂಮಿನಿಯಂ ತಂತಿ ಕೊಟ್ಟರೆ ದ್ರವ ಕೊನೆಯವರೆಗೂ ಹರಿದು ಬಿರುಕನ್ನು ತುಂಬುತ್ತದೆ. ತಂತಿಯ ಕೆಲಸ ರಸಾಯನ ಸರಿಪಡಿಸುವುದು, ಸೀಳು ತುಂಬುವುದು.

ಇನ್ನೊಂದು ಕಿರಿಕಿರಿ "ಶಕ್ತಿಶಾಲಿ ಲೇಸರ್" ಎಂಬ ಮಾತು. 2 ಕಿಲೋವ್ಯಾಟ್ ಲೇಸರ್ ಎಂದು ಬರೆದು ಬಾಯಿ ಬಿಡುತ್ತಾರೆ. ಬಚ್ಚಲುಮನೆಯ ಗೀಸರೂ 2 ಕಿಲೋವ್ಯಾಟೇ. 15 ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಅದಕ್ಕೆ ಹತ್ತು ನಿಮಿಷ ಬೇಕು. ಮುಖ್ಯವಾದದ್ದು ಆ 2,000 ವ್ಯಾಟ್ ಎಷ್ಟು ಜಾಗದ ಮೇಲೆ ಬೀಳುತ್ತದೆ ಎಂಬುದು. 2 ಮಿ.ಮೀ. ವ್ಯಾಸದ ಚುಕ್ಕೆಯ ಮೇಲೆ ಬಿದ್ದರೆ ಚದರ ಸೆಂಟಿಮೀಟರಿಗೆ ಸುಮಾರು 64,000 ವ್ಯಾಟ್. ಲೋಹದ ಮೇಲ್ಮೈ ಕರಗುತ್ತದೆ, ಶಾಖ ನಿಧಾನವಾಗಿ ಒಳಗಿಳಿಯುತ್ತದೆ, ಬೆಸುಗೆಗೆ ಆಳಕ್ಕಿಂತ ಅಗಲವೇ ಹೆಚ್ಚು. ಅದೇ ಬೆಳಕನ್ನು 0.2 ಮಿ.ಮೀ. ಚುಕ್ಕೆಗೆ ಹಿಡಿದರೆ ನೂರು ಪಟ್ಟು, ಅಂದರೆ ಚದರ ಸೆಂಟಿಮೀಟರಿಗೆ 64 ಲಕ್ಷ ವ್ಯಾಟ್. ಸುಮಾರು 10 ಲಕ್ಷ ದಾಟಿದರೆ ಉಕ್ಕು ಕರಗುವುದಷ್ಟೇ ಅಲ್ಲ, ಕುದಿಯುತ್ತದೆ. ಎದ್ದ ಆವಿಯ ಒತ್ತಡ ದ್ರವವನ್ನು ಪಕ್ಕಕ್ಕೆ ತಳ್ಳಿ ಕೆಳಗೆ ಆಳವಾದ ಸಪೂರ ಕುಳಿ ತೋಡುತ್ತದೆ. ಚಪ್ಪಟೆ ಉಕ್ಕು 1 ಮೈಕ್ರಾನ್ ಆಸುಪಾಸಿನ ತರಂಗಾಂತರದ ಲೇಸರ್ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರ ಹೀರಿ ಉಳಿದದ್ದನ್ನು ಹಿಂದಕ್ಕೆ ಎಸೆಯುತ್ತದೆ. ಕುಳಿಯೊಳಗೆ ಹೊಕ್ಕ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಬಹುಪಾಲು ಅಲ್ಲೇ ಇಂಗುತ್ತದೆ.

ಈ ಕುಳಿಗೆ ಇಂಗ್ಲಿಷಿನವರು ಇಟ್ಟ ಹೆಸರು ಕೀಹೋಲ್. ಅದನ್ನು "ಬೀಗದ ರಂಧ್ರ" ಎಂದು ಕನ್ನಡಕ್ಕಿಳಿಸಿ, "ಲೋಹದಲ್ಲಿ ರಂಧ್ರ ಕೊರೆದು ಬೆಸೆಯುವ ವಿಧಾನ" ಎಂದು ವಿವರಣೆಯನ್ನೂ ಕೊಡುತ್ತಾರೆ. ಕೊರೆಯುವುದೂ ಇಲ್ಲ, ರಂಧ್ರ ಉಳಿಯುವುದೂ ಇಲ್ಲ. ಬೆಳಕು ಇರುವಷ್ಟು ಹೊತ್ತು ಮಾತ್ರ ಕುಳಿಗೆ ಆಯುಸ್ಸು. ಚುಕ್ಕೆ ಮುಂದಕ್ಕೆ ಸರಿದ ಹಾಗೆ ದ್ರವ ಹಿಂದಿನಿಂದ ಬಂದು ಮುಚ್ಚಿಕೊಳ್ಳುತ್ತದೆ. ಆವಿಕುಳಿ ಎಂದರೆ ಸಾಕು, ಬೀಗ ಯಾಕೆ?

ಹಾಳಾಗುವುದೆಲ್ಲ ಈ ಆವಿಕುಳಿಯಲ್ಲೇ. ಅದರ ತಳ ಸಪೂರ. ಗೋಡೆ ಕುಸಿದರೆ ಆವಿ ಗುಳ್ಳೆಯಾಗಿ ಸಿಕ್ಕಿಬಿದ್ದು, ಮೇಲೆ ಬರುವಷ್ಟರಲ್ಲಿ ಲೋಹ ಹೆಪ್ಪುಗಟ್ಟಿರುತ್ತದೆ. ಚುಕ್ಕೆಯನ್ನು ಅರ್ಧ, ಒಂದು ಮಿಲಿಮೀಟರಿನಷ್ಟು ಸುತ್ತಿಸುತ್ತಾ ಸಾಗಿದರೆ, ಇಲ್ಲವೇ ಕುಳಿ ತಳದವರೆಗೂ ತೂತಾಗಿ ಆವಿ ಕೆಳಗಿನಿಂದಲೂ ಹೊರಡುವಂತೆ ಮಾಡಿದರೆ ಗುಳ್ಳೆ ಕಡಿಮೆ. ಕೊನೆಯಲ್ಲಿ ಲೇಸರನ್ನು ತಟ್ಟನೆ ಆರಿಸಬಾರದು, ಇಳಿಸುತ್ತಾ ಬರಬೇಕು. ಇಲ್ಲದಿದ್ದರೆ ತುದಿಯಲ್ಲಿ ಗುಂಡಿ ಉಳಿಯುತ್ತದೆ. ಸತು ಲೇಪಿಸಿದ ಎರಡು ತಗಡುಗಳನ್ನು ಒಂದರ ಮೇಲೊಂದು ಒತ್ತಿ ಹಿಡಿದು ಬೆಸೆಯಹೊರಟರೆ ಲೋಹ ಸಿಡಿದು ಹಾರುತ್ತದೆ, ಏಕೆಂದರೆ ಕಬ್ಬಿಣ ಕರಗುವುದು 1,538 ಡಿಗ್ರಿಗೆ, ಸತು ಕುದಿಯುವುದು 907ಕ್ಕೇ. ತಗಡುಗಳ ನಡುವೆ 0.1ರಿಂದ 0.2 ಮಿ.ಮೀ. ಸಂದು ಬಿಟ್ಟರೆ ಆವಿ ಪಕ್ಕಕ್ಕೆ ಹೋಗುತ್ತದೆ. ಅಂಚಿಗೆ ಅಂಚು ತಾಗಿಸಿ ಬೆಸೆಯುವಾಗ ಇದಕ್ಕೆ ವಿರುದ್ಧ: ತಂತಿ ಇಲ್ಲದಿದ್ದರೆ ಸಂದು ದಪ್ಪದ ಹತ್ತನೇ ಒಂದು ಪಾಲು ಮೀರಬಾರದು, 2 ಮಿ.ಮೀ. ತಗಡಿಗೆ 0.2. ಚುಕ್ಕೆಯೇ ಅಷ್ಟು ಚಿಕ್ಕದಾದ್ದರಿಂದ ಸಂದು ದೊಡ್ಡದಾದರೆ ಬೆಳಕು ನಡುವಿನಿಂದ ತೂರಿಹೋಗುತ್ತದೆ. ಆರ್ಕ್ ವೆಲ್ಡಿಂಗ್‌ನಲ್ಲಿ ಕೈ ಪಳಗಿಸಿಕೊಂಡವರು ಕೈಲಿ ಹಿಡಿಯುವ ಲೇಸರ್ ಗನ್ ತೆಗೆದುಕೊಂಡಾಗ ಮೊದಲು ಎಡವುವುದು ಇಲ್ಲೇ. ಎರಡನೆಯದು ಕಣ್ಣಿನ ವಿಷಯ. ಈ ಬೆಳಕು ಕಣ್ಣಿಗೆ ಕಾಣದು, ಹೊಳೆಯುವ ತಗಡಿನಿಂದ ಪುಟಿದು ಎಲ್ಲಿಗೂ ಹೋದೀತು. ಆರ್ಕ್‌ನ ಕಪ್ಪು ಗಾಜನ್ನು ನಂಬದೆ 1,070–1,080 ನ್ಯಾನೋಮೀಟರ್ ತರಂಗಾಂತರಕ್ಕೆಂದೇ ಗುರುತು ಹಾಕಿದ ಕನ್ನಡಕ ಹಾಕಬೇಕು.

ಇನ್ನು "ಎಲೆಕ್ಟ್ರಾನ್ ಕಿರಣ"ದ ವೆಲ್ಡಿಂಗ್. ಕಿರಣ ಎಂದೊಡನೆ ಅದೂ ಲೇಸರಿನ ತಮ್ಮ ಎಂದು ತಿಳಿಯುತ್ತಾರೆ. ಇಲ್ಲಿ ಬೆಳಕಿಲ್ಲ, 60 ಅಥವಾ 150 ಕಿಲೋವೋಲ್ಟ್‌ನಲ್ಲಿ ಓಡಿಸಿದ ಎಲೆಕ್ಟ್ರಾನ್‌ಗಳ ಪುಂಜ. ಲೋಹಕ್ಕೆ ಬಡಿದಾಗ ಆ ವೇಗವೇ ಶಾಖವಾಗುತ್ತದೆ. ಆವಿಕುಳಿ ಇಲ್ಲೂ ಉಂಟು, ಇನ್ನೂ ಆಳವಾಗಿ. ಜರ್ಮನಿಯ ಕಾರ್ಲ್-ಹೈಂಟ್ಸ್ ಸ್ಟೈಗರ್‌ವಾಲ್ಡ್ ಕಟ್ಟಿದ ಮೊದಲ ಬಳಕೆಯೋಗ್ಯ ಯಂತ್ರ 1958ರಲ್ಲಿ ಕೆಲಸ ಶುರುಮಾಡಿತು. ಜಗತ್ತಿನ ಮೊದಲ ಲೇಸರ್, ಅಮೆರಿಕದ ಥಿಯೋಡರ್ ಮೈಮನ್‌ನ ಮಾಣಿಕ್ಯದ ಲೇಸರ್, ಹೊಳೆದದ್ದು 1960ರಲ್ಲಿ. ಅಂದರೆ ತಮ್ಮನಲ್ಲ, ಅಣ್ಣ. 2024ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ಫೋರ್ಜ್‌ಮಾಸ್ಟರ್ಸ್ ಸಂಸ್ಥೆ 200 ಮಿ.ಮೀ. ದಪ್ಪದ ಗೋಡೆಯ ಪರಮಾಣು ರಿಯಾಕ್ಟರ್ ಪಾತ್ರೆಯ ಪ್ರಾಯೋಗಿಕ ಮಾದರಿಯೊಂದರ ನಾಲ್ಕು ಬೆಸುಗೆಗಳನ್ನು ಈ ವಿಧಾನದಿಂದ 24 ಗಂಟೆಯೊಳಗೆ ಮುಗಿಸಿತು. ನಮ್ಮ ಇಸ್ರೋ ಬಳಸುವ ಟೈಟೇನಿಯಂ ಅನಿಲ ಬುರುಡೆಗಳ ಎರಡು ಅರ್ಧಗೋಳಗಳೂ ಎಲೆಕ್ಟ್ರಾನ್ ಪುಂಜದಿಂದಲೇ ಒಂದಾಗುವುದು. ಬಿಸಿ ಟೈಟೇನಿಯಂ ಗಾಳಿ ತಾಗಿದರೆ ಬಿರುಸಾಗುತ್ತದೆ. ಎಲೆಕ್ಟ್ರಾನ್‌ಗೂ ಓಡಲು ನಿರ್ವಾತ ಬೇಕು. ಎರಡೂ ಕೂಡಿಬಂದವು.

ಬೆಲೆಯೂ ಇದೆ. ಎಲೆಕ್ಟ್ರಾನ್ ಲೋಹಕ್ಕೆ ಬಡಿದಾಗ ಎಕ್ಸ್-ರೇ ಏಳುವುದರಿಂದ ಬೆಸೆಯುವ ನಿರ್ವಾತ ಕೋಣೆಗೆ ಸೀಸದ ಹೊದಿಕೆ ಬೇಕು. ಉಕ್ಕಿನಲ್ಲಿ ಕಾಂತತೆ ಉಳಿದಿದ್ದರೆ ಪುಂಜ ಓರೆಯಾಗಿ, ಮೇಲಿನಿಂದ ನೋಡಲು ಅಂದವಾಗಿದ್ದರೂ ಒಳಗೆ ಕೂಡಬೇಕಾದ ಗೆರೆ ತಪ್ಪಿರುತ್ತದೆ. ಎರಡು ಬೇರೆ ಲೋಹಗಳನ್ನು ಕೂಡಿಸುವಾಗ ಶಾಖದಿಂದಲೇ ಹುಟ್ಟುವ ವಿದ್ಯುತ್ತು ಸಹ ಪುಂಜವನ್ನು ಎಳೆದೀತು. ಹಿತ್ತಾಳೆಯನ್ನು ಒಳಗಿಟ್ಟರೆ ಸತುವೆಲ್ಲ ಆವಿಯಾಗಿ ಕೋಣೆಯ ಗೋಡೆಗೆ ಹತ್ತುತ್ತದೆ.

ಕೊನೆಯ ಗೊಂದಲ ತೀರ ಈಚಿನದು: "ಎಲೆಕ್ಟ್ರಾನ್ ಪುಂಜದಿಂದ ಚಿಪ್‌ಗಳ ಸೂಕ್ಷ್ಮ ಬೆಸುಗೆ." ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿರುವಂಥ ಎಲೆಕ್ಟ್ರಾನ್ ಪುಂಜದ ಲಿಥೋಗ್ರಫಿ ಯಂತ್ರ ಏನನ್ನೂ ಬೆಸೆಯುವುದಿಲ್ಲ, ಕರಗಿಸುವುದೂ ಇಲ್ಲ. ಸಿಲಿಕಾನ್ ಬಿಲ್ಲೆಯ ಮೇಲೆ ಸವರಿದ ತೆಳು ಪಾಲಿಮರ್ ಪದರದಲ್ಲಿ ಅದು ಬರೆಯುತ್ತದೆ. ಪುಂಜ ತಾಗಿದ ಕಡೆ ಪಾಲಿಮರಿನ ಸರಪಳಿ ತುಂಡಾಗಿ ದ್ರಾವಕದಲ್ಲಿ ತೊಳೆದುಹೋಗುತ್ತದೆ. ಬೆಸುಗೆಯ ಪುಂಜದಲ್ಲಿ ಮಿಲಿಆಂಪಿಯರ್ ಲೆಕ್ಕ, ಇಲ್ಲಿ ನ್ಯಾನೋಆಂಪಿಯರ್. ಚದರ ಸೆಂಟಿಮೀಟರಿಗೆ 500 ಮೈಕ್ರೋಕೂಲಂ ವಿದ್ಯುದಾವೇಶ ಬೇಕಾದ ಪದರದ ಒಂದು ಚದರ ಸೆಂಟಿಮೀಟರನ್ನು 1 ನ್ಯಾನೋಆಂಪಿಯರ್‌ನಲ್ಲಿ ಪೂರ್ತಿ ತುಂಬಲು 5 ಲಕ್ಷ ಸೆಕೆಂಡ್, ಅಂದರೆ ಐದೂಮುಕ್ಕಾಲು ದಿನ. ಆದ್ದರಿಂದಲೇ ಸೂಕ್ಷ್ಮ ಗೆರೆಗಳಿಗೆ ಸಣ್ಣ ಪ್ರವಾಹ, ಅಗಲ ಜಾಗಗಳಿಗೆ ದೊಡ್ಡ ಪ್ರವಾಹ ಎಂದು ಕೆಲಸ ಹಂಚುತ್ತಾರೆ. 100 ಕಿಲೋವೋಲ್ಟ್‌ನಲ್ಲಿ ಸಿಲಿಕಾನಿನಿಂದ ಹಿಂದಕ್ಕೆ ಚದುರುವ ಎಲೆಕ್ಟ್ರಾನ್‌ಗಳು ಸುತ್ತ 30 ಮೈಕ್ರಾನ್‌ವರೆಗೂ ನೆರೆಯ ಗೆರೆಗಳನ್ನು ತಾಗುತ್ತವೆ. ಒತ್ತೊತ್ತಾಗಿರುವ ಕಡೆ ಪ್ರಮಾಣ ಇಳಿಸದಿದ್ದರೆ ಎರಡು ಗೆರೆ ಒಂದಾಗುತ್ತವೆ.

ಚಿಪ್‌ನಲ್ಲಿ ಬೆಸುಗೆ ಇಲ್ಲವೆಂದಲ್ಲ. ಕೂದಲಿಗಿಂತ ಸಪೂರವಾದ, ಸುಮಾರು 25 ಮೈಕ್ರಾನ್ ಚಿನ್ನದ ತಂತಿಯನ್ನು ಅದರ ಅಂಚಿನ ಪಟ್ಟಿಗೆ ಕೂಡಿಸುತ್ತಾರೆ. ಕೂಡುವ ಜಾಗದಲ್ಲಿ ಯಾವುದೂ ಕರಗುವುದಿಲ್ಲ, ನಡುವೆ ಬೇರೆ ಲೋಹವೂ ಇಲ್ಲ. 150 ಡಿಗ್ರಿ ಆಸುಪಾಸಿನ ಬಿಸಿ, ಒತ್ತಡ, ಶ್ರವಣಾತೀತ ಕಂಪನ, ಇಷ್ಟೇ. ಕೆಂಪಗೆ ಕಾಯಿಸಿ ಬಿಳಿಯಾಗುವವರೆಗೆ ತಿದಿಯೊತ್ತಿ, ಎರಡು ಕಬ್ಬಿಣವನ್ನು ಸುತ್ತಿಗೆಯಿಂದ ಬಡಿದು ಒಂದು ಮಾಡುವ ಕಮ್ಮಾರನದೂ ಇದೇ ಜಾತಿಯ ಬೆಸುಗೆ.