ಕಂಪನಿ ಎಂಬ ಪದದೊಳಗೆ ಒಂದು ರೊಟ್ಟಿ ಇದೆ

"ಬಾರೋ, ಮಂಡಕ್ಕಿ ಮಿರ್ಚಿ ತಿಂದು ಬರೋಣ."

"ಹಸಿವಿಲ್ಲ ಕಣೋ."

"ತಿನ್ನಬೇಡ ಬಿಡು, ಸುಮ್ನೆ ಕಂಪನಿ ಕೊಡು."

ದಾವಣಗೆರೆಯಲ್ಲಿ ಸಂಜೆ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಹೋದವನು ಸುಮ್ಮನೆ ಕೂರುತ್ತಾನಾ? ಐದು ನಿಮಿಷದಲ್ಲಿ ಅವನ ಕೈಯೂ ಮಂಡಕ್ಕಿಗೆ ಹೋಗಿರುತ್ತದೆ.

ಈ ಪದ ಹುಟ್ಟಿದ್ದೇ ಹಾಗೆ ಕೈ ಹಾಕಿ ತಿನ್ನುವುದರಿಂದ. ಲ್ಯಾಟಿನ್‌ನಲ್ಲಿ 'ಕಾಮ್' ಎಂದರೆ ಜೊತೆ, 'ಪಾನಿಸ್' ಎಂದರೆ ರೊಟ್ಟಿ. ಎರಡೂ ಕೂಡಿ 'ಕಂಪಾನಿಯೋ' ಆಯಿತು. ಅಂದರೆ ಜೊತೆಗೆ ರೊಟ್ಟಿ ತಿನ್ನುವವನು. ಕಂಪ್ಯಾನಿಯನ್, ಕಂಪನಿ ಎರಡೂ ಇದರಿಂದಲೇ ಬಂದವು. ಇಂಗ್ಲಿಷ್, ಜರ್ಮನ್ ಸೇರಿದ ಜರ್ಮನಿಕ್ ಬಳಗದ ಹಳೆಯ ಭಾಷೆ ಗಾಥಿಕ್. 4ನೇ ಶತಮಾನದ ಗಾಥಿಕ್ ಬೈಬಲ್‌ನಲ್ಲೂ ಜೊತೆಗಾರನಿಗೆ 'ಗಹ್ಲೈಬಾ' ಎಂಬ ಪದವಿದೆ. ಅಲ್ಲೂ 'ಗ' ಎಂದರೆ ಜೊತೆ, 'ಹ್ಲೈಫ್ಸ್' ಎಂದರೆ ರೊಟ್ಟಿ. ಇಂಥ ಜರ್ಮನಿಕ್ ಪದವನ್ನು ನೋಡಿಯೇ ಲ್ಯಾಟಿನ್ ಪದ ಕಟ್ಟಿರಬೇಕು ಎನ್ನುತ್ತಾರೆ ಭಾಷಾ ಪಂಡಿತರು. ನಮ್ಮ ಪಾವ್ ಭಾಜಿಯ ಪಾವ್ ಕೂಡ ಇದೇ 'ಪಾನಿಸ್'. ಪೋರ್ಚುಗೀಸರ ಬಾಯಿಂದ ನಮಗೆ ಬಂತು.

ಜೊತೆಗೆ ತಿನ್ನುವುದು ಸಣ್ಣ ವಿಷಯ ಅಲ್ಲ. ಯಾರ ಪಂಕ್ತಿಯಲ್ಲಿ ಯಾರು ಕೂರಬೇಕು ಎಂದು ಜಾತಿ ಲೆಕ್ಕ ಹಾಕಿದ ನಾಡು ನಮ್ಮದು. ಸಹಪಂಕ್ತಿ ಭೋಜನಕ್ಕಾಗಿ ಇಲ್ಲಿ ಜನ ಹೋರಾಡಬೇಕಾಯಿತು. ಎದುರಿಗೆ ಕೂತು ಒಂದೇ ರೊಟ್ಟಿ ಮುರಿದವನೇ ಜೊತೆಗಾರ ಎಂದ ಆ ಹಳೆಯ ಪದ ಅದಕ್ಕೇ ನನಗೆ ಇಷ್ಟ.

ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಮೇಲೆ ಪದದ ದಾರಿ ಬದಲಾಯಿತು. ಮೊದಲು ಜನರ ಗುಂಪು, ಆಮೇಲೆ ಸೈನಿಕರ ತುಕಡಿ, ಆಮೇಲೆ ವ್ಯಾಪಾರಿಗಳ ಕೂಟ. 1600ರ ಡಿಸೆಂಬರ್ 31ರಂದು ಈಸ್ಟ್ ಇಂಡಿಯಾ ಕಂಪನಿಗೆ ರಾಣಿಯ ಸನ್ನದು ಸಿಕ್ಕಿತು. ನಮ್ಮ ಹಿರಿಯರು ಅದನ್ನು 'ಕುಂಪಣಿ' ಎಂದರು. ಜೊತೆಗೆ ಉಣ್ಣುವವರ ಹೆಸರು ಹೊತ್ತು ಬಂದವರು ನಮ್ಮ ಅನ್ನವನ್ನೇ ಕಸಿದರು. ಇದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದರೆ ದಾವಣಗೆರೆ ಆ ಪದವನ್ನು ಬೇರೆ ಥರ ಬಳಸಿತು. ಇಲ್ಲಿ ಕಂಪನಿ ಎಂದರೆ ನಾಟಕ ಕಂಪನಿಯೂ ಹೌದು. ರಂಗನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಕಂಪನಿ ಈ ಊರಿನದೇ. ಊರಿಂದೂರಿಗೆ ಡೇರೆ ಹೊತ್ತು ತಿರುಗುವ ಕಂಪನಿಗಳಲ್ಲಿ ರಾತ್ರಿ ರಾಜನಾದವನೂ ಪರದೆ ಎಳೆದವನೂ ಉಣ್ಣುವುದು ಒಂದೇ ಒಲೆಯ ಅಡುಗೆ. ಲ್ಯಾಟಿನ್ ಗೊತ್ತಿಲ್ಲದ ಜನ ಮೂಲ ಅರ್ಥದಲ್ಲೇ ಬದುಕಿದರು, ಅಲ್ವಾ?

ನಮ್ಮ ರಾಮ್ ಅಂಡ್ ಕೋ ಸರ್ಕಲ್ ಗೊತ್ತಲ್ಲ? ಆ ಬೋರ್ಡಿನ ಪುಟ್ಟ 'ಕೋ' ಇದೇ ಕಂಪನಿ.