ಕಾಲೇಜು ಬಿಟ್ಟ ಮೇಲೆ ಬರುವ ಬಿಲ್ಲು: ಅಮೆರಿಕದ ವಿದ್ಯಾರ್ಥಿ ನೆರವು ಮತ್ತು ಶೇ 60ರ ಗೆರೆ

ಅಮೆರಿಕದಲ್ಲಿ ಸೆಮಿಸ್ಟರ್ ಅರ್ಧಕ್ಕೆ ಬಿಟ್ಟ ವಿದ್ಯಾರ್ಥಿಗೆ ಒಂದೆರಡು ತಿಂಗಳೊಳಗೆ ಎರಡು ಪತ್ರ ಬರಬಹುದು. ಮೊದಲನೆಯದರಲ್ಲಿ ನಿಮ್ಮ ಫೆಡರಲ್ ಸಾಲದಲ್ಲಿ ಇಷ್ಟು ಮೊತ್ತ ಕಡಿಮೆಯಾಗಿದೆ ಎಂದಿರುತ್ತದೆ. ಎರಡನೆಯದು ಕಾಲೇಜಿನ ಬಿಲ್ಲು: ಬಾಕಿ ಇಷ್ಟು, ಕೂಡಲೇ ಕಟ್ಟಿ. ಎರಡೂ ಒಂದೇ ಹಣದ ಬಗ್ಗೆ ಮಾತಾಡುತ್ತಿವೆ ಎಂಬುದು ಬಹಳ ಮಂದಿಗೆ ಹೊಳೆಯುವುದೇ ಇಲ್ಲ. ನೆರವು ಬಂದಿತ್ತಲ್ಲ, ಫೀಸು ಕಟ್ಟಿ ಆಗಿತ್ತಲ್ಲ, ಈ ಬಾಕಿ ಎಲ್ಲಿಂದ ಬಂತು ಎಂದು ಫೈನಾನ್ಶಿಯಲ್ ಏಡ್ ಕಚೇರಿಗೆ ಫೋನ್ ಮಾಡಿದರೆ ‘ಅದು ಬರ್ಸರ್ ಆಫೀಸಿನ (ಫೀಸು ವಸೂಲಿ ಮಾಡುವ ಕಚೇರಿಯ) ವಿಷಯ’ ಎನ್ನುತ್ತಾರೆ. ಅಲ್ಲಿ ಕೇಳಿದರೆ ‘ಅದು ಫೆಡರಲ್ ರೂಲು’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಗೋಜಲಿನ ಗಂಟು ಇರುವುದು 1998ರ ಒಂದು ಕಾನೂನು ತಿದ್ದುಪಡಿಯಲ್ಲಿ.

ಇದು ಯಾರ ವಿಷಯ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಎಫ್-1 ವೀಸಾದಲ್ಲಿ ಹೋದವರಿಗೆ ಅಮೆರಿಕದ ಫೆಡರಲ್ ನೆರವು ಸಿಗುವುದೇ ಇಲ್ಲ. ಅವರ ಸಾಲ ಇಲ್ಲಿನ ಬ್ಯಾಂಕಿನದು, ಅದರ ನಿಯಮವೇ ಬೇರೆ. ಆದರೆ ಅಲ್ಲೇ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು, ಅಂದರೆ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವವರು, ಫಾಫ್ಸಾ ಅರ್ಜಿ ತುಂಬಿ ನೆರವು ಪಡೆಯುತ್ತಾರೆ. ವರ್ಷದ ಆರಂಭದಲ್ಲಿ ಫೀಸು ಕಟ್ಟಿದರೆ ಮುಗಿಯಿತು ಎಂಬ ವ್ಯವಸ್ಥೆಯಲ್ಲಿ ಓದಿ ಬಂದ ಅಪ್ಪ ಅಮ್ಮಂದಿರಿಗೆ ಈ ಎರಡನೇ ಪತ್ರ ಅರ್ಥವಾಗದಿರುವುದು ಸಹಜ.

1944ರಲ್ಲಿ ಯುದ್ಧದಿಂದ ಮರಳಿದ ಸೈನಿಕರಿಗೆ, 1958ರಲ್ಲಿ ಸ್ಪುಟ್ನಿಕ್ ಭಯದ ಬೆನ್ನಲ್ಲೇ ವಿಜ್ಞಾನ ಓದುವವರಿಗೆ, 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಉನ್ನತ ಶಿಕ್ಷಣ ಕಾಯ್ದೆಯಿಂದ ಬಹುಪಾಲು ಎಲ್ಲರಿಗೂ ಸರ್ಕಾರದ ಹಣ ತೆರೆದುಕೊಂಡಿತು. ಆ ಕಾಯ್ದೆಯ ನಾಲ್ಕನೇ ಭಾಗವೇ ‘ಟೈಟಲ್ ಫೋರ್’. 1972ರಲ್ಲಿ ಬಡ ವಿದ್ಯಾರ್ಥಿಗಳಿಗೆ ಸಾಲವಲ್ಲದ ಅನುದಾನ (ಗ್ರಾಂಟ್) ಸೇರಿತು. 1980ರಲ್ಲಿ ಅದಕ್ಕೆ ಸೆನೆಟರ್ ಕ್ಲೇಬೋರ್ನ್ ಪೆಲ್ ಹೆಸರು ಬಂತು. ಹಣ ಕೊಡುವ ನಿಯಮಗಳೆಲ್ಲ ವಿವರವಾಗಿದ್ದವು. ನಡುವೆ ಬಿಟ್ಟು ಹೋದರೆ ಏನು ಎಂಬ ಪ್ರಶ್ನೆಗೆ ಬಹುಕಾಲ ಪ್ರತಿ ಕಾಲೇಜಿನದೂ ಒಂದೊಂದು ಉತ್ತರ.

ಎಂಬತ್ತರ ದಶಕದಲ್ಲಿ ಅದರ ಬಿಸಿ ತಟ್ಟಿತು. ಟ್ರಕ್ ಓಡಿಸುವುದು, ಕೇಶಾಲಂಕಾರ, ಟೈಪಿಂಗ್ ಕಲಿಸುವ ಖಾಸಗಿ ತರಬೇತಿ ಶಾಲೆಗಳಲ್ಲಿ ಕೆಲವು, ವಿದ್ಯಾರ್ಥಿಯನ್ನು ಸೇರಿಸಿಕೊಂಡು ಪೂರ್ತಿ ನೆರವು ಪಡೆದು, ಆತ ಮೂರೇ ವಾರಕ್ಕೆ ಹೋದರೂ ಹಣ ಇಟ್ಟುಕೊಳ್ಳುತ್ತಿದ್ದವು. ಸಾಲ ಮಾತ್ರ ಹುಡುಗನ ಹೆಸರಿನಲ್ಲಿ ಉಳಿಯುತ್ತಿತ್ತು. 1990ರಲ್ಲಿ ಸಾಲ ತೀರಿಸಲು ಶುರು ಮಾಡಬೇಕಿದ್ದವರಲ್ಲಿ ಸುಸ್ತಿದಾರರ ಪ್ರಮಾಣ ಶೇ 22.4ಕ್ಕೆ ಏರಿತು. ಸೆನೆಟರ್ ಸ್ಯಾಮ್ ನನ್ ಅಧ್ಯಕ್ಷತೆಯ ಉಪಸಮಿತಿ ವಿಚಾರಣೆ ನಡೆಸಿತು. 1992ರ ತಿದ್ದುಪಡಿಯಲ್ಲಿ ಮೊದಲ ಸಲ ಸೇರಿದ ವಿದ್ಯಾರ್ಥಿ ಅವಧಿಯ ಶೇ 60 ಮುಗಿಯುವುದರೊಳಗೆ ಬಿಟ್ಟರೆ ಕಾಲೇಜು ಫೀಸನ್ನು ಪ್ರಮಾಣಾನುಸಾರ ಬಿಟ್ಟುಕೊಡಬೇಕು ಎಂದಾಯಿತು. ಇವತ್ತಿಗೂ ಎಲ್ಲರನ್ನೂ ಕಾಡುವ 60ರ ಅಂಕಿ ಬಂದದ್ದು ಇಲ್ಲಿಂದ. ಉಳಿದವರಿಗೆ ಫೆಡರಲ್ ಸೂತ್ರ, ರಾಜ್ಯದ ಸೂತ್ರ, ಕಾಲೇಜಿನ ಸ್ವಂತ ಸೂತ್ರ. ಎಲ್ಲ ಲೆಕ್ಕ ಹಾಕಿ ಯಾವುದರಲ್ಲಿ ಹೆಚ್ಚು ವಾಪಸು ಬರುತ್ತದೋ ಅದನ್ನು ಅನ್ವಯಿಸಬೇಕಿತ್ತು. ಕಚೇರಿಯವರಿಗೆ ತಲೆನೋವೇ ಸರಿ. ಆದರೂ ಅದರಲ್ಲಿ ಒಂದು ಗುಣವಿತ್ತು: ಸರ್ಕಾರಕ್ಕೆ ವಾಪಸು ಹೋಗುವ ಹಣ ಮತ್ತು ಕಾಲೇಜು ಬಿಟ್ಟುಕೊಡುವ ಫೀಸು ಒಂದಕ್ಕೊಂದು ಅಂಟಿಕೊಂಡಿದ್ದವು.

1998ರ ಅಕ್ಟೋಬರ್ 7ರಂದು ಸಹಿಯಾದ ತಿದ್ದುಪಡಿ ಆ ಅಂಟನ್ನು ಬಿಡಿಸಿತು. ಸೆಕ್ಷನ್ 484ಬಿ ಎಂಬ ಹೊಸ ಕಲಮು ಬಂತು. 2000ದ ಅಕ್ಟೋಬರ್ 7ರೊಳಗೆ ಎಲ್ಲ ಕಾಲೇಜುಗಳೂ ಅದಕ್ಕೆ ಬದಲಾಗಬೇಕಿತ್ತು. ಫೈನಾನ್ಶಿಯಲ್ ಏಡ್ ಕಚೇರಿಗಳಲ್ಲಿ ಇದನ್ನು ‘ಆರ್‌ಟುಟಿಫೋರ್’, ಅಂದರೆ ಟೈಟಲ್ ಫೋರ್ ಹಣದ ವಾಪಸಾತಿ, ಎನ್ನುತ್ತಾರೆ. ಇದರ ಪ್ರಕಾರ ವಿದ್ಯಾರ್ಥಿ ತನ್ನ ನೆರವನ್ನು ದಿನದಿನಕ್ಕೆ ‘ಗಳಿಸುತ್ತಾನೆ’. ಗಳಿಸದ ಭಾಗ ಸರ್ಕಾರಕ್ಕೆ ವಾಪಸು. ಕಾಲೇಜು ಫೀಸಿನಲ್ಲಿ ಎಷ್ಟು ಬಿಟ್ಟುಕೊಡಬೇಕು ಎಂಬ ಬಗ್ಗೆ ಫೆಡರಲ್ ಕಾನೂನು ಅಲ್ಲಿಂದ ಮುಂದೆ ಬಾಯಿ ಬಿಡಲಿಲ್ಲ. ನೆರವು ದಿನಗೂಲಿ ಲೆಕ್ಕಕ್ಕೆ ಬಂತು, ಫೀಸು ಗುತ್ತಿಗೆ ಲೆಕ್ಕದಲ್ಲೇ ಉಳಿಯಿತು. ಹಲವು ಕಾಲೇಜುಗಳಲ್ಲಿ ಮೂರು ನಾಲ್ಕು ವಾರ ಕಳೆದರೆ ಫೀಸು ವಾಪಸು ಸೊನ್ನೆ.

ಒಂದು ಲೆಕ್ಕ ಮಾಡಿ ನೋಡೋಣ. ಸೆಮಿಸ್ಟರ್ 2025ರ ಆಗಸ್ಟ್ 25ರಿಂದ ಡಿಸೆಂಬರ್ 12ರವರೆಗೆ, ಒಟ್ಟು 110 ದಿನ. ಶನಿವಾರ, ಭಾನುವಾರವೂ ಲೆಕ್ಕಕ್ಕೆ. ಸತತ ಐದು ದಿನ ಅಥವಾ ಅದಕ್ಕಿಂತ ಹೆಚ್ಚಿನ ರಜೆ ಇದ್ದರೆ ಮಾತ್ರ ಕಳೆಯಬೇಕು. ಥ್ಯಾಂಕ್ಸ್‌ಗಿವಿಂಗ್ ರಜೆ ಬುಧವಾರ, ನವೆಂಬರ್ 26ಕ್ಕೆ ಶುರುವಾಗಿ ಭಾನುವಾರ ಮುಗಿದರೆ ಐದು ದಿನ, ಉಳಿದದ್ದು 105. ವಿದ್ಯಾರ್ಥಿನಿ ಅಕ್ಟೋಬರ್ 6ರಂದು ಬಿಟ್ಟರೆ 43 ದಿನ ಮುಗಿಸಿದಂತೆ. 43ನ್ನು 105ರಿಂದ ಭಾಗಿಸಿದರೆ ಶೇ 41.0.

ಅವಳಿಗೆ ಆ ಸೆಮಿಸ್ಟರಿಗೆ 3,500 ಡಾಲರ್ ಪೆಲ್ ಗ್ರಾಂಟ್, 1,750 ಸಬ್ಸಿಡೈಸ್ಡ್ (ಓದುವಾಗಿನ ಬಡ್ಡಿ ಸರ್ಕಾರ ಕಟ್ಟುವ) ಸಾಲ, 1,000 ಅನ್‌ಸಬ್ಸಿಡೈಸ್ಡ್ ಸಾಲ ಬಂದಿದೆ ಎಂದುಕೊಳ್ಳಿ: ಒಟ್ಟು 6,250. ಕಾಲೇಜಿನ ಫೀಸು 5,000. ಮಿಕ್ಕ 1,250 ಅವಳ ಕೈಗೆ ಬಂದು ರೂಮಿನ ಬಾಡಿಗೆಗೆ, ಪುಸ್ತಕಕ್ಕೆ ಹೋಗಿದೆ. ಶೇ 41ರಂತೆ ಗಳಿಸಿದ್ದು 2,562.50. ಗಳಿಸದ್ದು 3,687.50. ಇದರಲ್ಲಿ ಕಾಲೇಜಿನ ಪಾಲು ಫೀಸಿನ ಶೇ 59, ಅಂದರೆ 2,950. ಅದನ್ನು ಕಾಲೇಜು 45 ದಿನದೊಳಗೆ ವಾಪಸು ಮಾಡಬೇಕು, ಅದೂ ಕಾನೂನು ಹೇಳಿದ ಕ್ರಮದಲ್ಲಿ: ಮೊದಲು ಅನ್‌ಸಬ್ಸಿಡೈಸ್ಡ್ 1,000, ಆಮೇಲೆ ಸಬ್ಸಿಡೈಸ್ಡ್ 1,750, ಕೊನೆಗೆ ಪೆಲ್‌ನಿಂದ 200. ಉಳಿದ 737.50 ವಿದ್ಯಾರ್ಥಿನಿಯ ಪಾಲು. ಆದರೆ ಒಟ್ಟು ಗ್ರಾಂಟಿನ ಅರ್ಧದಷ್ಟು, ಇಲ್ಲಿ 1,750, ಅವಳಿಗೆ ರಕ್ಷಣೆ ಇದೆ. ಹಾಗಾಗಿ ಅವಳು ಸರ್ಕಾರಕ್ಕೆ ಕೊಡಬೇಕಾದದ್ದು ಸೊನ್ನೆ. ಆ ಸೆಮಿಸ್ಟರಿನ ಸಾಲವೂ ಪೂರ್ತಿ ತೀರಿದೆ.

ಕೇಳಲು ಚೆನ್ನಾಗಿದೆ. ಈಗ ಬರ್ಸರ್ ಆಫೀಸಿನ ಕಡೆಯಿಂದ ನೋಡಿ. ಫೀಸಿನ ಖಾತೆಯಿಂದ 2,950 ಹೊರಗೆ ಹೋಯಿತು. ಏಳನೇ ವಾರದಲ್ಲಿ ಬಿಟ್ಟವಳಿಗೆ ಕಾಲೇಜಿನ ನಿಯಮದಲ್ಲಿ ಫೀಸು ವಾಪಸು ಇಲ್ಲ. ಆದ್ದರಿಂದ 2,950 ಅವಳ ಹೆಸರಿಗೆ ಬಾಕಿ. ಓದು ಬಿಟ್ಟ ಮೇಲೆ ಕಂತು ಕಟ್ಟಬೇಕಿಲ್ಲದ ಆರು ತಿಂಗಳ ಗ್ರೇಸ್ ಅವಧಿ, ಆದಾಯಕ್ಕೆ ತಕ್ಕ ಕಂತು ಎಲ್ಲ ಇದ್ದ 2,750ರ ಸರ್ಕಾರಿ ಸಾಲ ಹೋಗಿ, ಯಾವ ಕಂತೂ ಇಲ್ಲದ, ಕಟ್ಟದಿದ್ದರೆ ಕಲೆಕ್ಷನ್ ಏಜೆನ್ಸಿಗೆ ಹೋಗಬಹುದಾದ 2,950ರ ಬಿಲ್ಲು ಬಂತು. ಕಾನೂನು ಬರೆದವರು ಖಜಾನೆಯ ಹಣ ಕಾಪಾಡಿದರು, ಕಾಲೇಜುಗಳು ತಮ್ಮ ಬಜೆಟ್ ಕಾಪಾಡಿಕೊಂಡವು. ಎರಡೂ ತರ್ಕ ತಮ್ಮತಮ್ಮ ಮಟ್ಟಿಗೆ ಸರಿ. ಕೂಡಿಸಿದಾಗ ಬರುವ ಮೊತ್ತ ಮಾತ್ರ ಓದು ಬಿಟ್ಟ, ಬಹುಪಾಲು ಕೈಯಲ್ಲಿ ಕಾಸಿಲ್ಲದವರ ತಲೆಯ ಮೇಲೆ.

ಶೇ 60 ದಾಟಿದರೆ ಚಿತ್ರವೇ ಬೇರೆ: ನೆರವು ಪೂರ್ತಿ ಗಳಿಸಿದಂತೆ. ‘ದಾಟಿದರೆ’ ಎಂಬುದನ್ನು ಗಮನಿಸಿ. ಸರಿಯಾಗಿ 60 ಸಾಲದು. ಮೇಲಿನ ಸೆಮಿಸ್ಟರಿನಲ್ಲಿ 63ನೇ ದಿನ ಅಕ್ಟೋಬರ್ 26, ಭಾನುವಾರ: ಗಳಿಕೆ ಶೇ 60. ಸೋಮವಾರ 27: ಶೇ 100. ರಜೆ ಗುರುವಾರ ಶುರುವಾಗಿ ನಾಲ್ಕೇ ದಿನವಿದ್ದಿದ್ದರೆ ಏನನ್ನೂ ಕಳೆಯುವಂತಿರಲಿಲ್ಲ, 110 ದಿನವೇ ಉಳಿದು ಗೆರೆ ಅಕ್ಟೋಬರ್ 30ಕ್ಕೆ ಸರಿಯುತ್ತಿತ್ತು. ರಜೆಯ ಒಂದು ದಿನಕ್ಕೆ ಇಷ್ಟು ಬೆಲೆ.

ಮೇಲೆ ಹೇಳಿದ ಗ್ರಾಂಟಿನ ರಕ್ಷಣೆ ಈಗಿನ ರೂಪಕ್ಕೆ ಬಂದದ್ದು 2006ರ ಫೆಬ್ರುವರಿಯಲ್ಲಿ ಸಹಿಯಾದ ಕಾನೂನಿನಿಂದ. ಕಾಲೇಜಿಗೆ ಇದ್ದ 30 ದಿನದ ಗಡುವು 45 ಆದದ್ದೂ ಆಗಲೇ. ರಕ್ಷಣೆ ಮೀರಿಯೂ ಗ್ರಾಂಟ್ ಹಿಂದಿರುಗಿಸಬೇಕಾಗಿ ಬಂದರೆ, 50 ಡಾಲರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕೊಡಬೇಕಿಲ್ಲ. ಹೆಚ್ಚಿದ್ದರೆ ಕಾಲೇಜು ಪತ್ರ ಕಳಿಸಿದ 45 ದಿನದೊಳಗೆ ಪೂರ್ತಿ ಕಟ್ಟಬೇಕು, ಇಲ್ಲವೇ ಕಾಲೇಜಿನ ಅಥವಾ ಶಿಕ್ಷಣ ಇಲಾಖೆಯ ಜೊತೆ ಕಂತಿನ ಒಪ್ಪಂದ ಮಾಡಿಕೊಳ್ಳಬೇಕು. ಎರಡೂ ಮಾಡದಿದ್ದರೆ ಯಾವ ಕಾಲೇಜಿಗೆ ಹೋದರೂ ಫೆಡರಲ್ ನೆರವು ಬಂದ್.

ಹೆಚ್ಚು ಎಡವಟ್ಟಾಗುವುದು ಹೇಳದೆ ಕೇಳದೆ ಬಿಟ್ಟು ಹೋದವರ ವಿಷಯದಲ್ಲಿ. ಸೆಮಿಸ್ಟರ್ ಕೊನೆಗೆ ಎಲ್ಲ ವಿಷಯದಲ್ಲೂ ಎಫ್ ಬಂದಿದ್ದರೆ ಕಚೇರಿಯವರು ಈತ ನಿಜವಾಗಿ ಬರೆದು ಫೇಲಾದನೋ, ಬಿಟ್ಟೇ ಹೋದನೋ ಎಂದು ಅಧ್ಯಾಪಕರನ್ನು ಕೇಳುತ್ತಾರೆ. ಹಾಜರಿ ಕಡ್ಡಾಯವಿಲ್ಲದ ಕಾಲೇಜಿನಲ್ಲಿ ಬೇರೆ ದಾಖಲೆ ಇಲ್ಲದಿದ್ದರೆ ಅವಧಿಯ ನಡುಬಿಂದುವನ್ನು, ಅಂದರೆ ಶೇ 50ನ್ನು, ಬಿಟ್ಟ ದಿನವೆಂದು ಹಿಡಿಯಬಹುದು. ಹತ್ತು ವಾರ ತರಗತಿಗೆ ಹೋದವನಿಗೆ ಇದು ನಷ್ಟ. ಕೊನೆಯ ಬಾರಿ ಪರೀಕ್ಷೆ ಬರೆದ, ಅಸೈನ್‌ಮೆಂಟ್ ಕೊಟ್ಟ ದಿನಾಂಕದ ದಾಖಲೆ ತೋರಿಸಿದರೆ ಕಾಲೇಜು ಅದನ್ನೇ ಬಳಸಬಹುದು. ಆನ್‌ಲೈನ್ ಕೋರ್ಸಿಗೆ ಬರೀ ಲಾಗಿನ್ ಆಗಿದ್ದರೆ ಅದು ಹಾಜರಿಯಲ್ಲ.

ನಂತರದ ವರ್ಷಗಳಲ್ಲಿ ತೇಪೆ ಕೆಲಸವೇ ಹೆಚ್ಚು. ಸೆಮಿಸ್ಟರನ್ನು ತುಂಡು ತುಂಡು ಮಾಡಿ ನಡೆಸುವ ಕೋರ್ಸುಗಳಿಗೆ 2011ರಲ್ಲಿ ನಿಯಮ ಬಿಗಿಯಾಯಿತು, 2021ರಲ್ಲಿ ಕೆಲವು ವಿನಾಯಿತಿ ಸೇರಿದವು. 2020ರ ಮಾರ್ಚ್‌ನ ಕೇರ್ಸ್ ಕಾಯ್ದೆ ಕೋವಿಡ್‌ನಿಂದ ಬಿಟ್ಟವರಿಗೆ ಈ ವಾಪಸಾತಿಯನ್ನೇ ಮನ್ನಾ ಮಾಡಿತು. ಅದು ಆ ಕಾಲಕ್ಕೆ ಮಾತ್ರ. 2024ರ ಜುಲೈ 1ರಿಂದ, ಫೆಡರಲ್ ನೆರವು ಪಡೆದು ಫೀಸು ಪೂರ್ತಿ ಚುಕ್ತಾ ಆಗಿರುವ ಸೆಮಿಸ್ಟರುಗಳ ಟ್ರಾನ್ಸ್‌ಕ್ರಿಪ್ಟನ್ನು (ಅಂಕಪಟ್ಟಿಯನ್ನು) ಕಾಲೇಜು ತಡೆಹಿಡಿಯುವಂತಿಲ್ಲ.

ಬಿಡುವುದೇ ಅನಿವಾರ್ಯವಾದರೆ ರಿಜಿಸ್ಟ್ರಾರ್ ಫಾರಂ ತುಂಬುವ ಮೊದಲು ಫೈನಾನ್ಶಿಯಲ್ ಏಡ್ ಕಚೇರಿಯಲ್ಲಿ ಎರಡು ಕೇಳಿ: ಈ ಸೆಮಿಸ್ಟರಿನಲ್ಲಿ ಶೇ 60 ದಾಟುವ ದಿನಾಂಕ ಯಾವುದು, ಇವತ್ತೇ ಬಿಟ್ಟರೆ ಲೆಕ್ಕ ಎಷ್ಟಾಗುತ್ತದೆ. ಅಂದಾಜನ್ನು ಇಮೇಲ್‌ನಲ್ಲಿ ಪಡೆಯಿರಿ. ಬಿಡುತ್ತೇನೆಂದು ಸಂಬಂಧಪಟ್ಟ ಕಚೇರಿಗೆ ಬಾಯಲ್ಲಿ ಹೇಳಿದರೂ ಆ ದಿನವೇ ದಾಖಲಾಗಬಹುದು, ಆದ್ದರಿಂದ ವಿಚಾರಿಸುತ್ತಿದ್ದೇನೆ ಅಷ್ಟೇ ಎಂದು ಸ್ಪಷ್ಟಪಡಿಸಿ. ಎಲ್ಲ ಕೋರ್ಸುಗಳನ್ನೂ ಬಿಟ್ಟರೆ ಮಾತ್ರ ಈ ಲೆಕ್ಕ. ಪೂರ್ತಿ ಸೆಮಿಸ್ಟರ್ ನಡೆಯುವ ಒಂದೇ ಒಂದು ಕೋರ್ಸ್ ಮುಗಿಸಿದರೂ ಇದು ತಪ್ಪುತ್ತದೆ. ಆದರೆ ಅರ್ಧಕಾಲಿಕ ಮಟ್ಟಕ್ಕಿಂತ ಕೆಳಗಿಳಿದ ದಿನದಿಂದ ಹಳೆಯ ಸಾಲಗಳ ಆರು ತಿಂಗಳ ಗ್ರೇಸ್ ಓಡತೊಡಗುತ್ತದೆ. ಆರು ತಿಂಗಳೊಳಗೆ ಕನಿಷ್ಠ ಅರ್ಧಕಾಲಿಕವಾಗಿ ಮರಳಿ ಸೇರಿದರೆ ಅದು ಪೂರ್ತಿ ಉಳಿಯುತ್ತದೆ.

ಕಾಯಿಲೆಯಿಂದ ಬಿಟ್ಟವರು ಮೆಡಿಕಲ್ ವಿತ್‌ಡ್ರಾವಲ್ ಸಿಕ್ಕಿತೆಂದು ನಿಶ್ಚಿಂತರಾಗುವುದುಂಟು. ಅದು ಗ್ರೇಡನ್ನು ಕಾಪಾಡುತ್ತದೆ, ಫೆಡರಲ್ ಲೆಕ್ಕವನ್ನು ಬದಲಿಸುವುದಿಲ್ಲ. ಅವರು ಬೇರೆಯಾಗಿ ಹಾಕಬೇಕಾದದ್ದು ಫೀಸಿನ ಅಪೀಲು: ವೈದ್ಯರ ಪತ್ರ, ಕಾಯಿಲೆ ಶುರುವಾದ ದಿನಾಂಕ, ತರಗತಿ ನಿಲ್ಲಿಸಿದ ದಿನಾಂಕ, ಮೂರೂ ಒಂದಕ್ಕೊಂದು ಹೊಂದಬೇಕು. ಅಪೀಲು ಗೆದ್ದರೂ ಸರ್ಕಾರಕ್ಕೆ ಹೋದ ಮೊತ್ತವನ್ನು ಮತ್ತೆ ಲೆಕ್ಕ ಹಾಕುವುದಿಲ್ಲ. ಬಿಟ್ಟ ದಿನಕ್ಕೆ ಮೊದಲಿದ್ದ ಫೀಸೇ ಆಧಾರ. ಮನ್ನಾ ಆದ ಫೀಸು ಕಾಲೇಜಿನ ಬಾಕಿಯಿಂದ ಕಳೆಯುತ್ತದೆ. ಅಪೀಲು ತೀರ್ಮಾನವಾಗುವವರೆಗೆ ಬಾಕಿಯನ್ನು ಕಲೆಕ್ಷನ್‌ಗೆ ಕಳಿಸಬೇಡಿ ಎಂದು ಬರ್ಸರ್ ಆಫೀಸಿಗೆ ಅದೇ ದಿನ ಲಿಖಿತವಾಗಿ ಕೇಳಿಕೊಂಡು, ಉತ್ತರದ ಪ್ರತಿ ಇಟ್ಟುಕೊಳ್ಳಿ.