ಹಂಗೇರಿಯ ‘ನಾರ್ಮಲ್’ಗೆ ‘ಇಶ್’ ಬಾಲ ಎಲ್ಲಿಂದ ಬಂತು?

ಪ್ರಶ್ನೆ: ನಾವು ‘ನಾರ್ಮಲ್’ ಅನ್ನುವುದಕ್ಕೆ ಹಂಗೇರಿಯವರು ‘ನೊರ್ಮಾಲಿಶ್’ ಅನ್ನುತ್ತಾರೆ. ಈ ‘ಇಶ್’ ಇಂಗ್ಲಿಷಿನ ‘ಚೈಲ್ಡಿಶ್’ನಲ್ಲಿ ಇರುವುದೇನಾ?

ಅಲ್ಲ, ಅದು ಲ್ಯಾಟಿನ್ ಬಾಲ. ಮೂಲ ಪದ ‘ನೊರ್ಮಾಲಿಸ್’. ‘ನೊರ್ಮಾ’ ಅಂದರೆ ಬಡಗಿಯ ಮೂಲೆಮಟ್ಟ. ಆ ಮಟ್ಟಕ್ಕೆ ಸರಿಯಾಗಿ ಕೂತದ್ದು ನೊರ್ಮಾಲಿಸ್. ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರೂ ಕೊನೆಯ ‘ಇಸ್’ ಅನ್ನು ಕತ್ತರಿಸಿ ಪದವನ್ನು ಇಟ್ಟುಕೊಂಡವು. ನಮ್ಮ ‘ನಾರ್ಮಲ್ ಡೆಲಿವರಿ’ ಬಂದದ್ದು ಇಂಗ್ಲಿಷ್ ದಾರಿಯಲ್ಲಿ, ಹಾಗಾಗಿ ಬಾಲ ಇಲ್ಲ.

ಹಂಗೇರಿಯನ್ ಮಾತ್ರ ಬಾಲದ ಸಮೇತ ನುಂಗಿತು. ಸಂಸ್ಕೃತದ ‘ಸುಂದರಃ’ ನಮ್ಮಲ್ಲಿ ವಿಸರ್ಗ ಕಳಚಿ ‘ಸುಂದರ’ ಆಯಿತಲ್ಲ? ಕಳಚದೇ ‘ಸುಂದರಃ ಮನೆ’ ಅಂತಿದ್ದರೆ ಹೇಗಿರುತ್ತಿತ್ತೋ, ಅಲ್ಲಿ ಆದದ್ದು ಹಾಗೆ. ಲ್ಯಾಟಿನ್‌ನಲ್ಲಿ ಆ ‘ಇಸ್’ ಲಿಂಗ, ವಿಭಕ್ತಿಗೆ ತಕ್ಕಂತೆ ಬದಲಾಗುತ್ತದೆ. ಹಂಗೇರಿಯನ್‌ನಲ್ಲಿ ಲಿಂಗವೇ ಇಲ್ಲ. ಅವನು, ಅವಳು ಎರಡಕ್ಕೂ ಒಂದೇ ಪದ. ಹಾಗಾಗಿ ಬಾಲಕ್ಕೆ ಕೆಲಸ ಉಳಿಯಲಿಲ್ಲ, ಸುಮ್ನೆ ಅಂಟಿಕೊಂಡಿತು.

ಇಷ್ಟು ಸಲಿಗೆ ಹೇಗೆ ಬಂತು ಅಂದರೆ, ಹಂಗೇರಿಯ ಆಡಳಿತ ಭಾಷೆ 1844ರವರೆಗೂ ಲ್ಯಾಟಿನ್ನೇ! 1784ರಲ್ಲಿ ಎರಡನೇ ಜೋಸೆಫ್ ದೊರೆ ಅದರ ಜಾಗಕ್ಕೆ ಜರ್ಮನ್ ತರಲು ಹೋಗಿ, 1790ರಲ್ಲಿ ಆಜ್ಞೆ ವಾಪಸ್ ಪಡೆಯಬೇಕಾಯಿತು. ಓದಿದವರು ಲ್ಯಾಟಿನ್ ಬರೆಯುವುದಷ್ಟೇ ಅಲ್ಲ, ಮಾತಾಡುತ್ತಲೂ ಇದ್ದರು. ಪದಗಳು ಪೂರ್ತಿ ರೂಪದಲ್ಲೇ ಬಾಯಿಗೆ ಬಂದವು. ಅವರ ಬಾಯಲ್ಲಿ ಲ್ಯಾಟಿನ್ನಿನ ‘ಸ್’ ಹೆಚ್ಚಾಗಿ ‘ಶ್’ ಆಗುತ್ತಿತ್ತು. ‘ಮಾಯುಸ್’ ಎಂಬ ಮೇ ತಿಂಗಳು ಅಲ್ಲಿ ಇವತ್ತಿಗೂ ‘ಮಾಯುಶ್’.

ನನಗೆ ಮಜಾ ಅನ್ನಿಸುವುದು ಮುಂದಿನದು. ಲ್ಯಾಟಿನ್ ಹೋಯಿತು, ಬಾಲ ಉಳಿಯಿತು. ಕಂಪ್ಯೂಟರ್ ಕಾಲದ ‘ಡಿಜಿಟಲ್’ ಕೂಡ ಅಲ್ಲಿ ‘ಡಿಗಿಟಾಲಿಶ್’.

ಅಂದ ಹಾಗೆ, ಬಾಲ ಇಲ್ಲದ ‘ನೊರ್ಮಾಲ್’ ಕೂಡ ಅಲ್ಲಿದೆ, ಅರ್ಥ ಬೇರೆ. ಮಾಮೂಲಿ ಸೈಜು, ಮಾಮೂಲಿ ಅಗಲದ ರೈಲು ಹಳಿ, ಇವಕ್ಕೆ ‘ನೊರ್ಮಾಲ್’. ತಲೆ ನೆಟ್ಟಗಿರುವ ಮನುಷ್ಯನಿಗೆ ‘ನೊರ್ಮಾಲಿಶ್’. ಹುಚ್ಚಾಟ ಆಡುವ ಗೆಳೆಯನಿಗೆ ‘ನೀನು ನೊರ್ಮಾಲಿಶ್ ಅಲ್ಲ ಕಣೋ’ ಅಂತ ಬೈಯುವಾಗ ಬಾಲ ಇರಲೇಬೇಕು.